ಮಂಪರಿನಿಂದ ಎಬ್ಬಿಸುವ ಇಂಜೆಕ್ಷನ್ ಇದೆ. ಎಬ್ಬಿಸಿದ ಮೇಲೆ ಪಕ್ಕದಲ್ಲಿ ಯಾರಿದ್ದಾರೆ?

ಎಂಡೋಸ್ಕೋಪಿಗೋ ಹಲ್ಲಿನ ಚಿಕಿತ್ಸೆಗೋ ಕೊಟ್ಟ ಮಂಪರು ಹೆಚ್ಚಾದರೆ ಫ್ಲುಮಾಜೆನಿಲ್ ಎಂಬ ಔಷಧ ಕೆಲವೇ ನಿಮಿಷಗಳಲ್ಲಿ ಎಚ್ಚರ ತರಿಸುತ್ತದೆ. ಆದರೆ ಅದಕ್ಕೂ ಅಡ್ಡಪರಿಣಾಮಗಳಿವೆ. ಅವು ಯಾರನ್ನು ಕಾಡುತ್ತವೆ ಅನ್ನುವುದನ್ನು ಔಷಧದ ಜೊತೆಗೆ ನಮ್ಮ ಆಸ್ಪತ್ರೆಗಳ ವ್ಯವಸ್ಥೆಯೂ ನಿರ್ಧರಿಸುತ್ತದೆ.

"ಡಾಕ್ಟ್ರೇ, ಆಮೇಲೆ ಎಚ್ಚರಾನೇ ಆಗ್ಲಿಲ್ಲ ಅಂದ್ರೆ?"

ಅರಿವಳಿಕೆ ತಜ್ಞೆಯಾಗಿ ಕೆಲಸ ಮಾಡುವ ನನಗೆ ಈ ಪ್ರಶ್ನೆ ಹೆಚ್ಚುಕಮ್ಮಿ ದಿನವೂ ಎದುರಾಗುತ್ತದೆ. ಎಂಡೋಸ್ಕೋಪಿಗೆ ಬಂದ ಅಜ್ಜ ಕೇಳ್ತಾರೆ, ಮಗುವಿನ ಎಂಆರ್‌ಐ ಮಾಡಿಸೋಕೆ ಬಂದ ಅಮ್ಮ ಕೇಳ್ತಾರೆ. ಆಸ್ಪತ್ರೆಗಳಲ್ಲಿ ಇದಕ್ಕೆ ಒಂದು ಸಿದ್ಧ ಉತ್ತರವಿದೆ: "ಏನೂ ಹೆದರ್ಬೇಡಿ, ಎಬ್ಬಿಸೋಕೂ ಇಂಜೆಕ್ಷನ್ ಇದೆ."

ಇದು ಸುಳ್ಳಲ್ಲ. ಅಂಥ ಇಂಜೆಕ್ಷನ್ ಇದೆ, ಅದರ ಹೆಸರು ಫ್ಲುಮಾಜೆನಿಲ್. ರಕ್ತನಾಳಕ್ಕೆ ಕೊಟ್ಟ ಒಂದೆರಡು ನಿಮಿಷದಲ್ಲೇ ಕಣ್ಣು ಬಿಡಿಸುವಷ್ಟು ಚುರುಕಾದ ಔಷಧ. ಆದರೆ ಆ ಉತ್ತರ ಅರ್ಧಕ್ಕೇ ನಿಲ್ಲುತ್ತದೆ. ಎಬ್ಬಿಸುವ ಔಷಧಕ್ಕೂ ಅದರದ್ದೇ ಅಡ್ಡಪರಿಣಾಮಗಳಿವೆ. ಕೆಲವರಿಗೆ ಅದು ಫಿಟ್ಸ್ ತರಿಸಬಹುದು. ಇನ್ನು ಕೆಲವರು ಎದ್ದು ಕೂತು, ಮಾತಾಡಿ, ಒಂದು ಗಂಟೆ ಕಳೆದ ಮೇಲೆ ಮತ್ತೆ ಮಂಪರಿಗೆ ಜಾರಬಹುದು. ಆ ಹೊತ್ತಿನಲ್ಲಿ ಅವರ ಪಕ್ಕ ಯಾರಿರುತ್ತಾರೆ ಎಂಬುದಕ್ಕೆ ಔಷಧಶಾಸ್ತ್ರದ ಪುಸ್ತಕದಲ್ಲಿ ಉತ್ತರ ಸಿಗುವುದಿಲ್ಲ. ಆಸ್ಪತ್ರೆ ಎಷ್ಟು ನರ್ಸ್‌ಗಳನ್ನು ನೇಮಿಸಿಕೊಂಡಿದೆ, ಎಷ್ಟು ಹಾಸಿಗೆ ಇಟ್ಟಿದೆ, ಸರ್ಕಾರ ಯಾವುದರ ಲೆಕ್ಕ ಕೇಳುತ್ತದೆ ಎಂಬುದರಲ್ಲಿ ಸಿಗುತ್ತದೆ.

ಮಂಪರು ಅಂದರೆ ಏನು?

ದೊಡ್ಡ ಆಪರೇಷನ್‌ಗೆ ಕೊಡುವ ಪೂರ್ತಿ ಅರಿವಳಿಕೆ ಬೇರೆ, ಮಂಪರು ಬೇರೆ. ವೈದ್ಯರು ಎರಡನೆಯದನ್ನು ಸೆಡೇಶನ್ ಅನ್ನುತ್ತಾರೆ. ಗಂಟಲಿಗೆ ಪೈಪ್ ಇಳಿಸುವಾಗ, ದೊಡ್ಡ ಕರುಳಿನ ಪರೀಕ್ಷೆ ಮಾಡುವಾಗ, ಜಾರಿದ ಭುಜದ ಕೀಲನ್ನು ಕೂರಿಸುವಾಗ, ಹಲ್ಲಿನ ಕೆಲವು ಚಿಕಿತ್ಸೆಗಳಲ್ಲಿ ಇದರ ಅಗತ್ಯ ಬೀಳುತ್ತದೆ. ರೋಗಿಯ ಹೆದರಿಕೆ ಇಳಿಯಬೇಕು, ಹಿಂಸೆಯ ನೆನಪು ಉಳಿಯಬಾರದು. ಅದೇ ಹೊತ್ತಿಗೆ, ಹೆಸರು ಹಿಡಿದು ಕರೆದರೆ ಓಗೊಡುವಷ್ಟು ಎಚ್ಚರವೂ ಇರಬೇಕು, ಉಸಿರು ತಾನಾಗಿಯೇ ನಡೆಯುತ್ತಿರಬೇಕು.

ಇದಕ್ಕಾಗಿ ಬಹಳ ಕಡೆ ಬಳಸುವ ಔಷಧ ಮಿಡಜೋಲಾಮ್. ಇದು ಬೆಂಜೊಡೈಯಜೆಪೈನ್ ಅನ್ನುವ ದೊಡ್ಡ ಕುಟುಂಬದ್ದು. ಡಯಜೆಪಾಮ್, ಲೊರಜೆಪಾಮ್, ಆಲ್‌ಪ್ರಜೊಲಾಮ್, ಕ್ಲೊನಜೆಪಾಮ್, ಕ್ಲೊಬಜಾಮ್ ಎಲ್ಲವೂ ಅದೇ ಮನೆಯವು. ಜನರ ಬಾಯಲ್ಲಿ ಇವು "ನಿದ್ದೆ ಮಾತ್ರೆ", "ಟೆನ್ಷನ್ ಮಾತ್ರೆ", "ಫಿಟ್ಸ್ ಮಾತ್ರೆ". ಈ ಪಟ್ಟಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮಂಪರಿನ ತೊಂದರೆ ಇರುವುದು ಅದರ ಗಡಿಯಲ್ಲಿ. ಒಂದೇ ಡೋಸ್ ಇಪ್ಪತ್ತೈದರ ಯುವಕನಿಗೆ ಹಗುರ ಜೋಂಪು ತರಿಸಿದರೆ, ಎಪ್ಪತ್ತೈದರ ಅಜ್ಜಿಯನ್ನು ಕರೆದರೂ ಏಳದ ಸ್ಥಿತಿಗೆ ಒಯ್ಯಬಹುದು. ಜೊತೆಗೆ ಫೆಂಟಾನಿಲ್‌ನಂಥ ನೋವು ನಿವಾರಕ ಸೇರಿದರೆ ಉಸಿರು ಇನ್ನಷ್ಟು ನಿಧಾನವಾಗುತ್ತದೆ. ಜೋಂಪು, ಮಂಪರು, ಗಾಢ ಮಂಪರು, ಪೂರ್ತಿ ಅರಿವಳಿಕೆ ಎಂದು ನಾವು ಮೆಟ್ಟಿಲು ಎಣಿಸುತ್ತೇವೆ. ದೇಹಕ್ಕೆ ಅದು ಮೆಟ್ಟಿಲಲ್ಲ, ಪಾಚಿ ಕಟ್ಟಿದ ಇಳಿಜಾರು.

ಟವೆಲ್ ಹಾಕಿದ ಸೀಟು

ಫ್ಲುಮಾಜೆನಿಲ್ ಹೇಗೆ ಎಬ್ಬಿಸುತ್ತದೆ? ಅನೇಕರು ಅಂದುಕೊಂಡಂತೆ ಅದು ಮಿಡಜೋಲಾಮನ್ನು ಕರಗಿಸುವುದಿಲ್ಲ, ದೇಹದಿಂದ ಹೊರಗೆ ಹಾಕುವುದೂ ಇಲ್ಲ. ಅದು ಮಾಡುವ ಕೆಲಸ ಕೆಂಪು ಬಸ್ಸಿನಲ್ಲಿ ಓಡಾಡಿದ ಯಾರಿಗಾದರೂ ಗೊತ್ತು: ಸೀಟಿಗೆ ಟವೆಲ್ ಹಾಕುವುದು.

ಮಿದುಳಿನಲ್ಲಿ ಗಾಬಾ ಎಂಬ ರಾಸಾಯನಿಕವಿದೆ. ನರಕೋಶಗಳ ಗದ್ದಲವನ್ನು ತಗ್ಗಿಸುವುದು ಅದರ ಕೆಲಸ. ಅದು ಕೆಲಸ ಮಾಡುವ ಜಾಗದ ಪಕ್ಕದಲ್ಲೇ ಇನ್ನೊಂದು ಸೀಟಿದೆ. ಮಿಡಜೋಲಾಮ್ ಬಂದು ಅಲ್ಲಿ ಕೂತರೆ ಗಾಬಾದ ಕೈ ಬಲವಾಗುತ್ತದೆ, ಗದ್ದಲ ಇನ್ನೂ ತಗ್ಗಿ ಮಂಪರು ಬರುತ್ತದೆ. ಫ್ಲುಮಾಜೆನಿಲ್ ಬಂದು ಅದೇ ಸೀಟಿಗೆ ಟವೆಲ್ ಹಾಕುತ್ತದೆ. ತಾನು ಮಂಪರು ತರುವುದಿಲ್ಲ, ಮಿಡಜೋಲಾಮನ್ನು ಕೂರಲೂ ಬಿಡುವುದಿಲ್ಲ. ರೋಗಿ ಕಣ್ಣು ಬಿಡುತ್ತಾರೆ.

ಆದರೆ ಮಿಡಜೋಲಾಮ್ ಬಸ್ಸಿನಿಂದ ಇಳಿದಿಲ್ಲ. ಅಲ್ಲೇ ಕಂಬಿ ಹಿಡಿದು ನಿಂತಿದೆ. ಫ್ಲುಮಾಜೆನಿಲ್ ಮುಂದಿನ ಸ್ಟಾಪಿನಲ್ಲೇ ಇಳಿದು ಹೋಗುವ ಗಿರಾಕಿ. ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯಲು ಸುಮಾರು 40ರಿಂದ 80 ನಿಮಿಷ ಸಾಕು. ಮಿಡಜೋಲಾಮ್‌ಗೆ ಸಾಮಾನ್ಯವಾಗಿ ಒಂದೂವರೆಯಿಂದ ಎರಡೂವರೆ ಗಂಟೆ ಬೇಕು, ವಯಸ್ಸಾದವರಲ್ಲಿ ಇನ್ನೂ ಹೆಚ್ಚು. ಡಯಜೆಪಾಮ್ ಆದರೆ ಒಂದೆರಡು ದಿನವೇ ಬೇಕಾಗಬಹುದು. ಟವೆಲ್ ಹಾಕಿದವರು ಇಳಿದ ಕೂಡಲೇ ನಿಂತಿದ್ದವರು ಕೂರುತ್ತಾರೆ. ಇದನ್ನೇ ಮರುಮಂಪರು ಅನ್ನೋಣ. ಈ ಔಷಧದ ಎಲ್ಲ ಅಪಾಯಗಳಲ್ಲಿ ಹೆಚ್ಚು ಸದ್ದಿಲ್ಲದೆ ಬರುವುದು ಇದೇ.

ಔಷಧ ಹುಟ್ಟಿದ ಕಾಲ

ಮಿಡಜೋಲಾಮ್ ಮತ್ತು ಫ್ಲುಮಾಜೆನಿಲ್ ಎರಡೂ ಬಂದದ್ದು ಸ್ವಿಟ್ಜರ್ಲೆಂಡ್ ಮೂಲದ ಹಾಫ್‌ಮನ್-ಲಾ ರೋಶ್ ಕಂಪನಿಯಿಂದ. 1963ರಲ್ಲಿ ವ್ಯಾಲಿಯಂ ಎಂಬ ಹೆಸರಿನಲ್ಲಿ ಡಯಜೆಪಾಮನ್ನು ಮಾರುಕಟ್ಟೆಗೆ ತಂದದ್ದೂ ಅದೇ ಕಂಪನಿ. ಮಿಡಜೋಲಾಮ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1985ರ ಕೊನೆಯಲ್ಲಿ. ನಂತರದ ಎರಡು ವರ್ಷಗಳಲ್ಲಿ ಎಂಡೋಸ್ಕೋಪಿಯಂಥ ಸಣ್ಣ ಪರೀಕ್ಷೆಗಳಿಗೆ ಬಂದ ರೋಗಿಗಳು ಉಸಿರು ನಿಂತು ಸತ್ತ ವರದಿಗಳು ಒಂದರ ಹಿಂದೆ ಒಂದು ಬರತೊಡಗಿದವು.

ಕಾರಣ ನಿಗೂಢವೇನಲ್ಲ. ಹೊಸ ಔಷಧ ಡಯಜೆಪಾಮ್‌ಗಿಂತ ಹಲವು ಪಟ್ಟು ತೀಕ್ಷ್ಣವಾಗಿತ್ತು. ಆದರೆ ಹಳೆಯ ಔಷಧದ ಅಳತೆಗೆ ಒಗ್ಗಿದ ಕೈಗಳು ಅದನ್ನು ಕೊಡುತ್ತಿದ್ದವು, ಮೊದಲು ಸೂಚಿಸಿದ್ದ ಡೋಸ್ ಕೂಡ ವಯಸ್ಸಾದವರಿಗೆ ಹೆಚ್ಚಾಗಿತ್ತು. ಆಪರೇಷನ್ ಥಿಯೇಟರಿನ ಹೊರಗೆ, ಉಸಿರಾಟ ಗಮನಿಸಲು ಪ್ರತ್ಯೇಕವಾಗಿ ಯಾರೂ ಇಲ್ಲದ ಕೋಣೆಗಳಲ್ಲಿ ಕೊಡಲಾಗುತ್ತಿತ್ತು. 1988ರಲ್ಲಿ ಅಮೆರಿಕ ಸಂಸತ್ತಿನ ಉಪಸಮಿತಿಯೊಂದು ಈ ಬಗ್ಗೆ ವಿಚಾರಣೆ ನಡೆಸಿ ಔಷಧ ನಿಯಂತ್ರಕರನ್ನು ತರಾಟೆಗೆ ತೆಗೆದುಕೊಂಡಿತು. ಡೋಸ್ ಇಳಿಯಿತು, ಪೊಟ್ಟಣದ ಮೇಲೆ ಕಟ್ಟುನಿಟ್ಟಿನ ಎಚ್ಚರಿಕೆ ಬಂತು.

ಇದೇ ದಶಕದಲ್ಲಿ ಫ್ಲುಮಾಜೆನಿಲ್ ಸಿದ್ಧವಾಗುತ್ತಿತ್ತು. 1981ರಲ್ಲಿ ಅದರ ಬಗ್ಗೆ ಮೊದಲ ಪ್ರಬಂಧ ಪ್ರಕಟವಾಯಿತು, ಯುರೋಪಿನಲ್ಲಿ 1987ರ ಹೊತ್ತಿಗೆ ಬಳಕೆಗೆ ಬಂತು, 1991ರ ಡಿಸೆಂಬರಿನಲ್ಲಿ ಅಮೆರಿಕ ಒಪ್ಪಿತು. ಸಾವುಗಳಿಂದ ಕಲಿಯಬಹುದಾದ ಪಾಠ ಎರಡಿತ್ತು. ಕಡಿಮೆ ಕೊಟ್ಟು ಹೆಚ್ಚು ಹೊತ್ತು ಕಾಯಿರಿ ಎಂಬುದು ಒಂದು. ಎಬ್ಬಿಸುವ ಔಷಧ ಕೈಗೆಟಕುವಂತಿರಲಿ ಎಂಬುದು ಇನ್ನೊಂದು. ಎರಡನೆಯದನ್ನು ಪಾಲಿಸುವುದು ಬಹಳ ಸುಲಭ, ಒಂದು ಆಂಪೂಲ್ ಕೊಂಡು ಟ್ರೇನಲ್ಲಿಟ್ಟರೆ ಆಯ್ತು. ಮೊದಲನೆಯದಕ್ಕೆ ಮನುಷ್ಯರು ಬೇಕು, ಅವರಿಗೆ ತಿಂಗಳು ತಿಂಗಳು ಸಂಬಳ ಕೊಡಬೇಕು.

ಸಣ್ಣವು ಅನ್ನಿಸುವ ಪರಿಣಾಮಗಳು

ಫ್ಲುಮಾಜೆನಿಲ್ ಪಡೆದವರಲ್ಲಿ ಸಾಮಾನ್ಯವಾಗಿ ಕಾಣುವುದು ತಲೆಸುತ್ತು, ವಾಕರಿಕೆ, ವಾಂತಿ. ಔಷಧದ ಅಧಿಕೃತ ಮಾಹಿತಿಯ ಪ್ರಕಾರ ಸುಮಾರು ಹತ್ತರಲ್ಲಿ ಒಬ್ಬರಿಗೆ ತಲೆಸುತ್ತು, ಹೆಚ್ಚುಕಮ್ಮಿ ಅಷ್ಟೇ ಜನಕ್ಕೆ ವಾಕರಿಕೆ ಅಥವಾ ವಾಂತಿ ಆಗುತ್ತದೆ. ಬೆವರು, ತಲೆನೋವು, ಕಣ್ಣು ಮಂಜಾಗುವುದು, ಮುಖ ಬಿಸಿಯಾಗಿ ಕೆಂಪಾಗುವುದು, ಎದೆ ಡವಡವ ಅನ್ನುವುದು, ಇಂಜೆಕ್ಷನ್ ಕೊಟ್ಟ ಜಾಗದಲ್ಲಿ ಉರಿ, ಇವೂ ಇವೆ.

ಇವನ್ನು ಸಣ್ಣವು ಅಂತ ಬಿಟ್ಟುಬಿಡಬೇಡಿ. ಅರ್ಧ ಎಚ್ಚರದಲ್ಲಿರುವ ಮನುಷ್ಯ ಅಂಗಾತ ಮಲಗಿದಲ್ಲೇ ವಾಂತಿ ಮಾಡಿಕೊಂಡರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದು ನಾವು ಹೇಳುವುದಕ್ಕೆ ಇದೂ ಒಂದು ಕಾರಣ. "ಬರೀ ಒಂದು ಲೋಟ ಹಾಲು ಕುಡ್ಸಿದೀನಿ" ಅನ್ನುವ ಅಮ್ಮಂದಿರಿಗೆ ನಾವು ಸಿಡುಕುವುದೂ ಅದಕ್ಕೇ. ಸಿಡುಕುವ ಬದಲು ಕಾರಣ ಹೇಳಿದರೆ ಮುಂದಿನ ಸಲ ಹಾಲು ಕುಡಿಸುವುದಿಲ್ಲ, ಅದು ಬೇರೆ ಮಾತು.

ಇನ್ನೊಂದು ಮನಸ್ಸಿಗೆ ಸಂಬಂಧಿಸಿದ್ದು. ಗಾಢ ಮಂಪರಿನಿಂದ ದಿಢೀರನೆ ಎದ್ದವರು ಕೆಲವೊಮ್ಮೆ ಕಂಗಾಲಾಗುತ್ತಾರೆ, ಅಳುತ್ತಾರೆ, ನಡುಗುತ್ತಾರೆ, ಕೈಗೆ ಸಿಕ್ಕ ವಯರ್ ಕಿತ್ತು ಎಸೆಯುತ್ತಾರೆ. ಮೊದಲೇ ಪ್ಯಾನಿಕ್ ತೊಂದರೆ ಇದ್ದವರಲ್ಲಿ ಅದು ಮತ್ತೆ ಕೆರಳಬಹುದು. ಅದಕ್ಕೇ ಇದನ್ನು ಒಮ್ಮೆಲೇ ಚುಚ್ಚಬಾರದು. ವಯಸ್ಕರಿಗೆ ಮೊದಲು 0.2 ಮಿಲಿಗ್ರಾಂ, 15 ಸೆಕೆಂಡಿನಲ್ಲಿ ನಿಧಾನಕ್ಕೆ. ಆಮೇಲೆ 45 ಸೆಕೆಂಡ್ ಕಾದು ನೋಡಬೇಕು. ಸಾಲದಿದ್ದರೆ ನಿಮಿಷಕ್ಕೊಮ್ಮೆ ಅಷ್ಟಷ್ಟೇ, ಒಟ್ಟು 1 ಮಿಲಿಗ್ರಾಂವರೆಗೆ. ರೋಗಿ ಎದ್ದು ಹರಟೆ ಹೊಡೆಯಬೇಕಿಲ್ಲ. ಕರೆದರೆ ಓಗೊಟ್ಟು ಚೆನ್ನಾಗಿ ಉಸಿರಾಡಿದರೆ ಅಲ್ಲಿಗೇ ನಿಲ್ಲಿಸಬಹುದು.

ಕಣ್ಣು ಬಿಟ್ಟರು ಅಂದರೆ ಮುಗಿಯಿತೇ?

ಇಲ್ಲ. ಮೊದಲನೆಯದು ಉಸಿರು. ಫ್ಲುಮಾಜೆನಿಲ್ ಎಚ್ಚರ ತರುವಷ್ಟು ಖಚಿತವಾಗಿ ಉಸಿರಾಟವನ್ನು ಸರಿಪಡಿಸುವುದಿಲ್ಲ. ಜೊತೆಗೆ ಕೊಟ್ಟ ಫೆಂಟಾನಿಲ್, ಪೆಥಿಡಿನ್, ಟ್ರಮಡಾಲ್ ಮೇಲೆ ಅದರ ಆಟ ನಡೆಯುವುದಿಲ್ಲ. ಆ ಗುಂಪಿಗೆ ನಲೊಕ್ಸೋನ್ ಎಂಬ ಬೇರೆ ಔಷಧ ಬೇಕು. ಈಗ ಎಂಡೋಸ್ಕೋಪಿ ಕೋಣೆಗಳಲ್ಲಿ ಚೆನ್ನಾಗಿ ಬಳಕೆಯಲ್ಲಿರುವ, ಹಾಲಿನಂತೆ ಬೆಳ್ಳಗಿರುವ ಪ್ರೊಪೊಫೋಲ್‌ಗಂತೂ ಎಬ್ಬಿಸುವ ಔಷಧವೇ ಇಲ್ಲ. ಕೆಟಮಿನ್‌ಗೂ ಇಲ್ಲ, ಸಾರಾಯಿಗೂ ಇಲ್ಲ. "ಎಬ್ಬಿಸೋಕೆ ಇಂಜೆಕ್ಷನ್ ಇದೆ" ಎಂಬ ಮಾತು ನಿಜವಾಗುವುದು ನಿಮಗೆ ಕೊಟ್ಟದ್ದು ಬೆಂಜೊಡೈಯಜೆಪೈನ್ ಆಗಿದ್ದರೆ ಮಾತ್ರ.

ಉಸಿರು ನಿಂತ ಕ್ಷಣದಲ್ಲಿ ಮೊದಲು ಮಾಡಬೇಕಾದದ್ದು ಗದ್ದ ಎತ್ತಿ ಶ್ವಾಸದ ದಾರಿ ತೆರೆಯುವುದು, ಆಕ್ಸಿಜನ್ ಕೊಡುವುದು, ಬೇಕಾದರೆ ಮಾಸ್ಕ್ ಇಟ್ಟು ಚೀಲ ಒತ್ತಿ ಉಸಿರಾಡಿಸುವುದು. ಔಷಧ ಅದರ ನಂತರ. ಕೋಣೆಯಲ್ಲಿ ಇರುವುದು ಒಬ್ಬರೇ ಆಗಿದ್ದು, ಅವರು ಆಂಪೂಲ್ ಹುಡುಕಲು ಹೋದರೆ, ರೋಗಿಯ ಗದ್ದ ಎತ್ತುವವರು ಯಾರು?

ಎರಡನೆಯದು ನೆನಪು. ಮಿಡಜೋಲಾಮ್ ಹೊಸ ನೆನಪುಗಳು ಕೂರದಂತೆ ಮಾಡುತ್ತದೆ. ಫ್ಲುಮಾಜೆನಿಲ್ ಕೊಟ್ಟ ಮೇಲೆ ಕಣ್ಣು ಹೊಳೆಯಬಹುದು, ಮಾತು ಸರಿಯಾಗಿರಬಹುದು. ಆದರೂ ನೆನಪಿನ ಬಾಗಿಲು ಪೂರ್ತಿ ತೆರೆದಿರುವುದಿಲ್ಲ. "ಮಾತ್ರೆ ಊಟ ಆದ್ಮೇಲೆ ತಗೊಳ್ಳಿ, ಇವತ್ತು ಗಾಡಿ ಓಡಿಸ್ಬೇಡಿ" ಅಂದರೆ "ಸರಿ ಸರ್" ಎಂದು ತಲೆಯಾಡಿಸುತ್ತಾರೆ. ಸಂಜೆ ಕೇಳಿದರೆ ಯಾರು ಏನು ಹೇಳಿದರು ಅನ್ನುವುದೇ ಗೊತ್ತಿರುವುದಿಲ್ಲ. ಆದ್ದರಿಂದ ಸೂಚನೆಗಳನ್ನು ಬರೆದು, ಜೊತೆಗೆ ಬಂದವರ ಕೈಗೆ ಕೊಡಬೇಕು. ಕನಿಷ್ಠ 24 ಗಂಟೆ ಗಾಡಿ, ಯಂತ್ರ, ಕುಡಿತ ಯಾವುದೂ ಬೇಡ. ಸಾಲದ ಕಾಗದ, ಜಮೀನಿನ ಕರಾರು ಪತ್ರಕ್ಕೆ ಸಹಿಯೂ ಬೇಡ.

ಮೂರನೆಯದು ಆಗಲೇ ಹೇಳಿದ ಮರುಮಂಪರು. ನಾನು ತರಬೇತಿಯಲ್ಲಿದ್ದ ಆಸ್ಪತ್ರೆಯೊಂದರಲ್ಲಿ ಕಂಡದ್ದು: ಎಂಡೋಸ್ಕೋಪಿ ಮುಗಿದ ಹಿರಿಯರೊಬ್ಬರಿಗೆ ಫ್ಲುಮಾಜೆನಿಲ್ ಕೊಟ್ಟು ಎಬ್ಬಿಸಿದ್ದರು. ಅವರು ಮಗಳ ಜೊತೆ ಮಾತಾಡಿದರು, ನೀರು ಕೇಳಿದರು. ಹಾಸಿಗೆ ಮುಂದಿನವರಿಗೆ ಬೇಕಿತ್ತು, ಅವರನ್ನು ಹೊರಗಿನ ಬೆಂಚಿಗೆ ಕಳಿಸಲಾಯಿತು. ಮುಕ್ಕಾಲು ಗಂಟೆಯ ಮೇಲೆ ಅವರು ಗೊರಕೆ ಹೊಡೆಯುತ್ತಿದ್ದರು. ಸುತ್ತ ಕೂತವರಿಗೆಲ್ಲ ಅದು ಸುಸ್ತಾದ ಅಜ್ಜನ ನಿದ್ದೆ. ನೆಲ ಒರೆಸುತ್ತಿದ್ದ ಅಕ್ಕ ಒಬ್ಬರು ಮಾತ್ರ ತುಟಿಯ ಬಣ್ಣ ನೋಡಿ ಸಿಸ್ಟರನ್ನು ಕೂಗಿ ಕರೆದರು. ಗದ್ದ ಎತ್ತಿ ಆಕ್ಸಿಜನ್ ಕೊಟ್ಟ ಮೇಲೆ ಅವರು ಚೇತರಿಸಿಕೊಂಡರು. ದಾಖಲೆಯಲ್ಲಿ ಇದ್ದದ್ದು ಒಂದೇ ಸಾಲು: ಪರೀಕ್ಷೆ ಯಶಸ್ವಿ.

ಇಂಥ ರೋಗಿಯನ್ನು ಎರಡು ಗಂಟೆಯಾದರೂ ಕಣ್ಣಳತೆಯಲ್ಲಿ ಇಟ್ಟುಕೊಳ್ಳಬೇಕು. ದೀರ್ಘಕಾಲ ಉಳಿಯುವ ಔಷಧ ಕೊಟ್ಟಿದ್ದರೆ ಇನ್ನೂ ಹೆಚ್ಚು. ಅವಸರ ಯಾವಾಗಲೂ ಆಸ್ಪತ್ರೆಯದ್ದೇ ಅಂತಲೂ ಹೇಳಲಾರೆ. ಊರಿಗೆ ಕೊನೆ ಬಸ್ ನಾಲ್ಕೂವರೆಗೆ ಇದ್ದವರು, ಜೊತೆಗೆ ಬಂದ ಮಗನ ದಿನಗೂಲಿ ಹೋಗುತ್ತಿರುವವರು ತಾವೇ "ಬಿಟ್ಬಿಡಿ ಮೇಡಂ, ಹೋಗ್ತೀವಿ" ಅನ್ನುತ್ತಾರೆ. ಎರಡು ಗಂಟೆ ಕಾಯುವುದು ಎಲ್ಲರಿಗೂ ಒಂದೇ ಬೆಲೆಯದ್ದಲ್ಲ.

ಫಿಟ್ಸ್: ಯಾರಿಗೆ, ಯಾಕೆ?

ಫ್ಲುಮಾಜೆನಿಲ್ ಪೊಟ್ಟಣದ ಮೇಲೆ ಅಮೆರಿಕದ ನಿಯಂತ್ರಕರು ಕಪ್ಪು ಚೌಕಟ್ಟಿನೊಳಗೆ ಬರೆಸಿರುವ ಎಚ್ಚರಿಕೆ ಇದರ ಬಗ್ಗೆಯೇ. ವರ್ಷಗಟ್ಟಲೆ ಬೆಂಜೊಡೈಯಜೆಪೈನ್ ಮಾತ್ರೆ ನುಂಗುತ್ತಿರುವವರ ಮಿದುಳು ಅದಕ್ಕೆ ಒಗ್ಗಿ ಹೋಗಿರುತ್ತದೆ. ಫ್ಲುಮಾಜೆನಿಲ್ ಒಂದೇ ನಿಮಿಷದಲ್ಲಿ ಆ ಆಸರೆಯನ್ನು ಎಳೆದು ಹಾಕುತ್ತದೆ. ದಿನಗಳಲ್ಲಿ ಬರಬೇಕಾದ ಚಟ ಬಿಟ್ಟ ಸಂಕಟ ಸೆಕೆಂಡುಗಳಲ್ಲಿ ಬಂದು ಫಿಟ್ಸ್ ಆಗಬಹುದು. ಫಿಟ್ಸ್ ಕಾಯಿಲೆಗೆಂದೇ ಕ್ಲೊಬಜಾಮ್, ಕ್ಲೊನಜೆಪಾಮ್ ತೆಗೆದುಕೊಳ್ಳುವವರಿಗೂ ಇದೇ ಅಪಾಯ. ಖಿನ್ನತೆಗೆ ಕೊಡುವ ಅಮಿಟ್ರಿಪ್ಟಿಲಿನ್ ಥರದ ಹಳೆಯ ಮಾತ್ರೆಗಳೂ ಮಿತಿ ಮೀರಿ ದೇಹ ಸೇರಿದ್ದರೆ ಅಪಾಯ ಇನ್ನಷ್ಟು. ಅಲ್ಲಿಯವರೆಗೆ ಬೆಂಜೊಡೈಯಜೆಪೈನೇ ಫಿಟ್ಸನ್ನು ತಡೆಹಿಡಿದಿರಬಹುದು, ನಾವು ಆ ತಡೆಯನ್ನೇ ಕಿತ್ತಂತಾಗುತ್ತದೆ.

ಇಲ್ಲೊಂದು ವಿಪರ್ಯಾಸವಿದೆ. ಫಿಟ್ಸ್ ಬಂದಾಗ ಎಲ್ಲ ತುರ್ತು ವಿಭಾಗಗಳಲ್ಲೂ ಮೊದಲು ಕೊಡುವುದು ಬೆಂಜೊಡೈಯಜೆಪೈನನ್ನೇ. ಈಗ ಅದರ ಸೀಟಿನಲ್ಲಿ ಟವೆಲ್ ಇದೆ! ಹೆಚ್ಚಿನ ಡೋಸ್ ಬೇಕಾಗಬಹುದು, ಇಲ್ಲವೇ ಬೇರೆ ಗುಂಪಿನ ಔಷಧಕ್ಕೆ ಹೋಗಬೇಕಾಗಬಹುದು.

ಮಾತ್ರೆಯ ಡೋಸ್ ಮಿತಿ ಮೀರಿದೆ ಎಂಬ ಅನುಮಾನದಲ್ಲಿ ಆಸ್ಪತ್ರೆಗೆ ಬಂದ ಸುಮಾರು 990 ರೋಗಿಗಳ ಮೇಲೆ ನಡೆದ 13 ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 2016ರಲ್ಲಿ ಪ್ರಕಟವಾಯಿತು. ಫ್ಲುಮಾಜೆನಿಲ್ ಪಡೆದವರಲ್ಲಿ 12 ಜನಕ್ಕೆ ಗಂಭೀರ ತೊಂದರೆಗಳಾದವು, ಬರೀ ನೀರಿನಂಥ ಇಂಜೆಕ್ಷನ್ ಪಡೆದವರಲ್ಲಿ ಇಬ್ಬರಿಗೆ ಮಾತ್ರ. ಹೆಚ್ಚಾಗಿ ಕಂಡದ್ದು ಹೃದಯದ ಲಯ ತಪ್ಪುವುದು ಮತ್ತು ಫಿಟ್ಸ್. ಪ್ರಯೋಗಗಳಲ್ಲಿ ಯಾರೂ ಸಾಯಲಿಲ್ಲ. ಆದರೂ ಪ್ರಜ್ಞೆ ಇಲ್ಲದೆ ಬಂದ ಎಲ್ಲರಿಗೂ ಕಣ್ಣು ಮುಚ್ಚಿ ಕೊಡುವ ಔಷಧ ಇದಲ್ಲ ಎಂಬುದು ಅದರಿಂದ ಸ್ಪಷ್ಟ. ಎಂಡೋಸ್ಕೋಪಿ ಕೋಣೆಯಲ್ಲಿ ಏನು ಕೊಟ್ಟಿದ್ದೇವೆ ಎಂದು ನಮಗೆ ಗೊತ್ತಿರುತ್ತದೆ, ಅಲ್ಲಿ ಅಪಾಯ ಕಡಿಮೆ. ರೋಗಿ ಮನೆಯಲ್ಲಿ ಏನು ತೆಗೆದುಕೊಳ್ಳುತ್ತಿದ್ದಾರೆ ಎಂಬುದು ಗೊತ್ತಿರುತ್ತದೆಯೇ?

ಯಾರೂ ಕೇಳದ, ಯಾರೂ ಹೇಳದ ಮಾತ್ರೆ

ಇಲ್ಲಿಂದ ಈ ಕಥೆ ರಾಜಕೀಯವಾಗುತ್ತದೆ. ಆಲ್‌ಪ್ರಜೊಲಾಮ್ ಚೀಟಿಯಿಲ್ಲದೆ ಮಾರಬಾರದ ಮಾತ್ರೆ. ಆದರೂ ಎಷ್ಟೋ ಕಡೆ ಹಳೆಯ ಖಾಲಿ ಸ್ಟ್ರಿಪ್ ತೋರಿಸಿದರೆ ಸಾಕು. ಗಂಡನ ಕುಡಿತಕ್ಕೆ, ಸಾಲಕ್ಕೆ, ಮನೆಯ ಜಗಳಕ್ಕೆ ನಿದ್ದೆ ಕಳೆದುಕೊಂಡ ಹೆಂಗಸರು ವರ್ಷಗಟ್ಟಲೆ ರಾತ್ರಿ ಒಂದು ನುಂಗಿ ಮಲಗುತ್ತಿರುವುದನ್ನು ನಾನು ಕಂಡಿದ್ದೇನೆ. ಅವರ ಪಾಲಿಗೆ ಅದು ಔಷಧವೇ ಅಲ್ಲ. "ಬೇರೆ ಮಾತ್ರೆ ಏನಾದ್ರೂ ತಗೋತೀರಾ?" ಅಂದರೆ "ಬೀಪಿದು ಅಷ್ಟೇ" ಅನ್ನುತ್ತಾರೆ. ಅತ್ತೆ ಪಕ್ಕದಲ್ಲೇ ನಿಂತಿರುವಾಗ, ವರಾಂಡದಲ್ಲಿ, ಎರಡು ನಿಮಿಷದಲ್ಲಿ ಕೇಳಿದ ಪ್ರಶ್ನೆಗೆ ಬೇರೆ ಉತ್ತರ ಬರುವುದಾದರೂ ಹೇಗೆ?

ತಮಗೇ ಗೊತ್ತಿಲ್ಲದೆ ಇದಕ್ಕೆ ಅಂಟಿಕೊಂಡವರೂ ಇದ್ದಾರೆ. ರಾಯಚೂರು ಕಡೆಯ ಓದುಗರಿಗೆ ಕಲಬೆರಕೆ ಸೇಂದಿ ಹೊಸ ಸುದ್ದಿಯಲ್ಲ. ಮರದಿಂದ ಇಳಿಸಿದ ಸೇಂದಿ ಅಲ್ಲವೇ ಅಲ್ಲ ಅದು. ನೀರಿಗೆ "ಸಿ.ಎಚ್. ಪೌಡರ್" ಅನ್ನುವ ಕ್ಲೋರಲ್ ಹೈಡ್ರೇಟ್, ಡಯಜೆಪಾಮ್, ಆಲ್‌ಪ್ರಜೊಲಾಮ್ ಬೆರೆಸಿ ಮಾರುವ ದಂಧೆ. ಗಡಿಯಾಚೆ ತೆಲಂಗಾಣದಲ್ಲಿ 2015ರ ಸೆಪ್ಟೆಂಬರಿನಲ್ಲಿ ಅಧಿಕಾರಿಗಳು ಇದಕ್ಕೆ ದಿಢೀರ್ ಕಡಿವಾಣ ಹಾಕಿದಾಗ ನೂರಾರು ಜನ ನಡುಕ, ಚಿತ್ತಭ್ರಮೆ, ಫಿಟ್ಸ್‌ನಿಂದ ಆಸ್ಪತ್ರೆ ಸೇರಿದ್ದರು. ದಿನಾ ಸಂಜೆ ತಾವು ಕುಡಿಯುತ್ತಿದ್ದದ್ದು ನಿದ್ದೆ ಮಾತ್ರೆ ಎಂದು ಅವರಲ್ಲಿ ಎಷ್ಟು ಜನಕ್ಕೆ ಗೊತ್ತಿದ್ದೀತು? ಅಂಥ ಕೂಲಿ ಕಾರ್ಮಿಕರೊಬ್ಬರು ನಾಳೆ ಹೊಟ್ಟೆನೋವೆಂದು ಎಂಡೋಸ್ಕೋಪಿಗೆ ಬಂದು, ಮಂಪರು ಹೆಚ್ಚಾಗಿ, ಫ್ಲುಮಾಜೆನಿಲ್ ಕೊಟ್ಟರೆ? ಪುಸ್ತಕದಲ್ಲಿ "ದೀರ್ಘಕಾಲದ ಬಳಕೆದಾರರಲ್ಲಿ ಎಚ್ಚರ" ಎಂದು ಬರೆದಿರುವ ಸಾಲಿಗೆ ನಮ್ಮ ನೆಲದಲ್ಲಿ ಇರುವ ಅರ್ಥ ಇದು.

ಹಾಗಾದರೆ ಈ ಔಷಧ ಬೇಡವೇ?

ಖಂಡಿತ ಬೇಕು. ಮಿಡಜೋಲಾಮ್ ಬಳಸುವ ಪ್ರತಿ ಕೋಣೆಯಲ್ಲೂ ಅದು ಕೈಗೆಟಕುವಂತೆ ಇರಲೇಬೇಕು. ಸರಿಯಾದ ರೋಗಿಗೆ, ಸರಿಯಾದ ಹೊತ್ತಿನಲ್ಲಿ ಕೊಟ್ಟರೆ ಅದು ಜೀವ ಉಳಿಸುತ್ತದೆ. ನನ್ನ ತಕರಾರು ಅದನ್ನು ಕಾವಲಿನ ಬದಲಿಯಾಗಿ ಬಳಸುವುದರ ಬಗ್ಗೆ. "ಹೆಚ್ಚಾದ್ರೆ ಎಬ್ಬಿಸಿದ್ರಾಯ್ತು" ಎಂಬ ಧೈರ್ಯದಲ್ಲಿ ಮಂಪರು ಕೊಡುವುದು, "ಎದ್ರಲ್ಲ, ಸಾಕು" ಎಂದು ಹಾಸಿಗೆ ಖಾಲಿ ಮಾಡಿಸುವುದು, ಇವೆರಡೂ ಒಂದೇ ಲೆಕ್ಕಾಚಾರದ ಮಕ್ಕಳು.

ಇದಕ್ಕೆ ಪ್ರತಿವಾದವೂ ಇದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಸಿಸೇರಿಯನ್‌ಗೇ ಅರಿವಳಿಕೆ ತಜ್ಞರು ಸಿಗದಿರುವಾಗ ಪ್ರತಿ ಎಂಡೋಸ್ಕೋಪಿಗೂ ಎಲ್ಲಿಂದ ತರುವುದು? ನ್ಯಾಯವಾದ ಪ್ರಶ್ನೆ. ಆದರೆ ಹಗುರ ಮಂಪರಿಗೆ ನನ್ನಂಥವರೇ ಇರಬೇಕೆಂದಿಲ್ಲ. ಬೇಕಿರುವುದು ತರಬೇತಿ ಪಡೆದ ಒಬ್ಬ ನರ್ಸ್. ಆ ಹೊತ್ತಿನಲ್ಲಿ ಅವರಿಗೆ ರೋಗಿಯ ಉಸಿರು ನೋಡುವುದನ್ನು ಬಿಟ್ಟು ಬೇರೆ ಕೆಲಸ ಇರಬಾರದು. ಪೈಪ್ ಹಿಡಿದ ವೈದ್ಯರೇ ಉಸಿರನ್ನೂ ನೋಡಿಕೊಳ್ಳುತ್ತಾರೆ ಅನ್ನುವುದು ನಡೆಯದ ಮಾತು, ಅವರ ಕಣ್ಣು ಪರದೆಯ ಮೇಲಿರುತ್ತದೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರೂ ಒಂದೇ ಸಾಲದು. ಮೂಗಿಗೆ ಆಕ್ಸಿಜನ್ ಕೊಟ್ಟಿದ್ದರೆ ಉಸಿರು ಕುಗ್ಗಿದ ಮೇಲೂ ಕೆಲವು ನಿಮಿಷ ಅದು ಚೆಂದದ ಅಂಕಿಯನ್ನೇ ತೋರಿಸುತ್ತಿರುತ್ತದೆ. ಎದೆ ಏರಿಳಿಯುವುದನ್ನು ನೋಡುವ ಕಣ್ಣು ಬೇಕು.

ಇನ್ನೊಂದು ಕೆಲಸಕ್ಕೆ ಖರ್ಚೇ ಇಲ್ಲ, ಲೆಕ್ಕ ಇಡುವುದು. ಬ್ರಿಟನ್ನಿನ ರಾಷ್ಟ್ರೀಯ ರೋಗಿ ಸುರಕ್ಷತಾ ಸಂಸ್ಥೆ 2008ರ ಡಿಸೆಂಬರಿನಲ್ಲಿ ಮಿಡಜೋಲಾಮ್ ಬಗ್ಗೆ ಆಸ್ಪತ್ರೆಗಳಿಗೆ ಒಂದು ಎಚ್ಚರಿಕೆ ಕಳಿಸಿತು. ತೀಕ್ಷ್ಣ ಪ್ರಮಾಣದ ಆಂಪೂಲ್‌ಗಳನ್ನು ಸಾಮಾನ್ಯ ಮಂಪರಿನ ಕೋಣೆಗಳಿಂದ ದೂರವಿಡಿ ಎಂದಿತು. ಜೊತೆಗೆ ಫ್ಲುಮಾಜೆನಿಲ್ ಎಷ್ಟು ಬಾರಿ ಬಳಕೆಯಾಯಿತು ಎಂಬುದನ್ನು ನಿಯಮಿತವಾಗಿ ಪರಿಶೀಲಿಸಿ ಎಂದಿತು. ಎಬ್ಬಿಸುವ ಔಷಧ ಪದೇ ಪದೇ ಬೇಕಾಗುತ್ತಿದ್ದರೆ ಆ ಕೋಣೆಯಲ್ಲಿ ಪದೇ ಪದೇ ಹೆಚ್ಚು ಮಂಪರು ಕೊಡಲಾಗುತ್ತಿದೆ ಎಂದರ್ಥ. ಔಷಧದ ದಾಸ್ತಾನು ಪುಸ್ತಕದಲ್ಲೇ ಇರುವ ಸಾಕ್ಷಿ ಅದು. ನಮ್ಮ ಆರೋಗ್ಯ ಇಲಾಖೆ ಜಿಲ್ಲಾ ಆಸ್ಪತ್ರೆಗಳಿಂದ, ಖಾಸಗಿ ಡಯಾಗ್ನಾಸ್ಟಿಕ್ ಕೇಂದ್ರಗಳಿಂದ ಈ ಒಂದು ಅಂಕಿಯನ್ನು ತಿಂಗಳಿಗೊಮ್ಮೆ ಕೇಳಿದರೂ ಎಷ್ಟೋ ವಿಷಯ ಬೆಳಕಿಗೆ ಬರುತ್ತದೆ.

ನೀವು ಕೇಳಬಹುದಾದ ಪ್ರಶ್ನೆಗಳು

2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ರೋಗಿಯ ಒಪ್ಪಿಗೆ ಅಂದರೆ ಮಾಹಿತಿ ಪಡೆದು ಕೊಟ್ಟ ಒಪ್ಪಿಗೆ ಎಂದು ಸ್ಪಷ್ಟಪಡಿಸಿತು. ಕೆಪಿಎಂಇ ಎಂದೇ ನಾವು ಕರೆಯುವ ಕರ್ನಾಟಕದ ಖಾಸಗಿ ಆಸ್ಪತ್ರೆಗಳ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯಲ್ಲಿ ರೋಗಿಗಳ ಹಕ್ಕುಗಳ ಪಟ್ಟಿ ಇದೆ. ಅದರ ವಿರುದ್ಧ ಆಗ ಖಾಸಗಿ ವೈದ್ಯರು ಮುಷ್ಕರ ಹೂಡಿದ್ದು ನಿಮಗೆ ನೆನಪಿರಬಹುದು. ಹಾಗಾಗಿ ಅಪ್ಪನನ್ನೋ ಅಜ್ಜಿಯನ್ನೋ ಕರೆದುಕೊಂಡು ಹೋದಾಗ ಸಹಿ ಹಾಕುವ ಮೊದಲು ಕೇಳಿ, ಇದು ಉದ್ಧಟತನವಲ್ಲ:

ಯಾವ ಔಷಧ ಕೊಡ್ತೀರಿ? ಅದಕ್ಕೆ ಎಬ್ಬಿಸುವ ಔಷಧ ಇದೆಯಾ, ಇಲ್ಲವಾ?

ಪರೀಕ್ಷೆ ನಡೆಯುವಾಗ ಉಸಿರು ನೋಡಿಕೊಳ್ಳೋದು ಯಾರು? ಅವರಿಗೆ ಬೇರೆ ಕೆಲಸ ಇದೆಯಾ?

ಎಬ್ಬಿಸುವ ಔಷಧ ಕೊಡಬೇಕಾಗಿ ಬಂದರೆ ನಮಗೆ ಹೇಳ್ತೀರಾ? ಡಿಸ್ಚಾರ್ಜ್ ಚೀಟಿಯಲ್ಲಿ ಬರೀತೀರಾ?

ಆಮೇಲೆ ಎಷ್ಟು ಹೊತ್ತು, ಎಲ್ಲಿ ಇಟ್ಟುಕೊಳ್ತೀರಿ?

ನಿಮ್ಮ ಕಡೆಯಿಂದಲೂ ಒಂದು ಕೆಲಸ ಇದೆ. ನಿದ್ದೆ, ಟೆನ್ಷನ್, ಫಿಟ್ಸ್ ಮಾತ್ರೆ, ಕುಡಿತ, ಸೇಂದಿ ಯಾವುದೇ ಇದ್ದರೂ ಹೇಳಿಬಿಡಿ. ಮನೆಯವರ ಮುಂದೆ ಹೇಳಲಾಗದಿದ್ದರೆ "ಒಬ್ರೇ ಮಾತಾಡ್ಬೇಕು" ಅನ್ನಿ. ಹಾಗಂದ ಮೇಲೆ ಜೊತೆಯವರನ್ನು ಹೊರಗೆ ಕಳಿಸಿ ಕೇಳಿಸಿಕೊಳ್ಳುವುದು ವೈದ್ಯರ ಕರ್ತವ್ಯ. ಯಾವುದೇ ಕಾರಣಕ್ಕೂ ಪರೀಕ್ಷೆಯ ದಿನ ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ, ಹಾಗೆ ನಿಲ್ಲಿಸಿದರೂ ಫಿಟ್ಸ್ ಬರಬಹುದು.

ಮಂಪರಿನಲ್ಲಿರುವ ಮನುಷ್ಯ ಪ್ರಶ್ನೆ ಕೇಳಲಾರ, ಕೂಗಲಾರ, ಎದ್ದು ಹೋಗಲಾರ. ಆ ಹೊತ್ತಿಗೆ ಅವನ ಹಕ್ಕುಗಳೆಲ್ಲ ಪಕ್ಕದಲ್ಲಿ ನಿಂತವರ ಕೈಯಲ್ಲಿರುತ್ತವೆ. ಪಕ್ಕದಲ್ಲಿ ಒಬ್ಬರು ನಿಂತಿರಬೇಕು ಎಂದು ಒತ್ತಾಯಿಸುವುದು, ಅದಕ್ಕೆ ಬೇಕಾದ ನೇಮಕಾತಿ ಮಾಡಿ ಎಂದು ಕೇಳುವುದು ಎಚ್ಚರವಾಗಿರುವ ನಮ್ಮ ಕೆಲಸ.